ಉಡುಗೊರೆಯೋ, ಮಾಮೂಲೋ?

ರಾಯಚೂರಿನಿಂದ ಮೆಹಬೂಬನಗರದ ಕಡೆಗೆ ಹೊರಟ ಬಸ್ಸು ದೇವಸೂಗೂರಿನ ಹತ್ತಿರ ಕೃಷ್ಣಾ ಸೇತುವೆಯನ್ನು ದಾಟಿತೆಂದರೆ ರಾಜ್ಯ ಬದಲಾಗುತ್ತದೆ, ಮಾತು ಬದಲಾಗುವುದಿಲ್ಲ. ಅಂಗಡಿಗಳ ಬೋರ್ಡು ತೆಲುಗಿನಲ್ಲಿದ್ದರೂ ಕೃಷ್ಣಾ, ಮಾಗನೂರು, ಮಕ್ತಲ್ ಸಾಲಿನ ಊರುಗಳಲ್ಲಿ ಎಷ್ಟೋ ಮನೆಗಳ ಒಳಗಿನ ಮಾತು ಇಂದಿಗೂ ಕನ್ನಡವೇ. ಕಳೆದ ದೀಪಾವಳಿಗೆ ನಾವು ಮಕ್ತಲ್‌ನ ನಮ್ಮ ಹಿತೈಷಿಗಳೊಬ್ಬರ ಮನೆಗೆ ಹೋಗಿದ್ದೆವು. ಎರಡು ತಲೆಮಾರಿನ ಬಟ್ಟೆ ವ್ಯಾಪಾರದ ಮನೆತನ. ನಾರಾಯಣಪೇಟೆ ಸೀರೆ, ಗದ್ವಾಲ ಸೀರೆ ಎರಡನ್ನೂ ಮಾರುತ್ತಾರೆ. ಅವರ ಮನೆಯಲ್ಲಿ ಒಂದೇ ದಿನದಲ್ಲಿ ನಡೆದ ಎರಡು ಸಣ್ಣ ಪ್ರಸಂಗಗಳೇ ಈ ಲೇಖನಕ್ಕೆ ಕಾರಣ.

ಬೆಳಗಿನ ನಿರ್ವಾಣ ಪೂಜೆ ಮುಗಿದಿತ್ತು. ಯಜಮಾನರು ಪಡಸಾಲೆಯಲ್ಲಿ ಕುಳಿತು ಮಿಠಾಯಿ ಮತ್ತು ಒಣಹಣ್ಣಿನ ಡಬ್ಬಿಗಳ ಪಟ್ಟಿ ಓದುತ್ತಿದ್ದರು. ಬೀಗರಿಗೆ ಇಷ್ಟು, ಹಳೆಯ ಗಿರಾಕಿಗಳಿಗೆ ಇಷ್ಟು, ನೇಕಾರರ ಮನೆಗಳಿಗೆ ಇಷ್ಟು. ಪಟ್ಟಿಯ ಕೊನೆಯಲ್ಲಿ ‘ಮುನ್ಸಿಪಾಲ್ಟಿ – ಆರು’ ಎಂದಿತ್ತು. ಡಬ್ಬಿಗಳಿಗೆ ಬಣ್ಣದ ಕಾಗದ ಸುತ್ತುತ್ತಿದ್ದ ಹಿರಿಯ ಸೊಸೆ ತಲೆ ಎತ್ತಿದಳು.

“ಮಾವಾರೇ, ಈ ಆರು ಮಂದಿ ನಮಗೇನಾಗಬೇಕು?”

“ಏನೂ ಆಗಬೇಕಿಲ್ಲವ್ವಾ. ವರ್ಷಾ ಕೊಡೋದು. ಮಾಮೂಲು.”

ಇದು ಬೆಳಗಿನ ಮಾತು. ಇನ್ನೊಂದು ರಾತ್ರಿಯದು. ಈ ಮನೆಯ ಕಿರಿಯ ಮಗ ಹಿಂದಿನ ವರ್ಷವಷ್ಟೇ ಬೇರೊಂದು ಊರಿನ ಪುರಸಭೆಯಲ್ಲಿ ಗುಮಾಸ್ತನಾಗಿ ಸೇರಿದ್ದ. ಹಬ್ಬಕ್ಕೆ ರಜೆಯ ಮೇಲೆ ಬಂದಿದ್ದ. ಅವನು ಹೊರಗೆ ಹೋದಾಗ, ಅವನ ಕಚೇರಿಯಲ್ಲಿ ಚರಂಡಿ ಕಾಮಗಾರಿಯ ಬಿಲ್ಲು ಬರಬೇಕಾಗಿದ್ದ ಗುತ್ತಿಗೆದಾರರ ಕಡೆಯವರೊಬ್ಬರು ಬಂದು, ತಾಯಿಯವರ ಕೈಯಲ್ಲಿ ಅರಿಶಿನ ಕುಂಕುಮದೊಂದಿಗೆ ಒಂದು ರೇಷ್ಮೆ ಸೀರೆ ಇಟ್ಟು, “ಅಮ್ಮಾರೇ, ಹಬ್ಬದ ಸೀರೆ” ಎಂದು ನಮಸ್ಕರಿಸಿ ಹೋದರು. ಸೀರೆಯ ವ್ಯಾಪಾರಿಯ ಮನೆಗೇ ಸೀರೆ! ಎಲ್ಲರೂ ನಕ್ಕರು. ಮಗ ಬಂದ ಮೇಲೆ ನಗು ನಿಂತಿತು.

“ಅವ್ವಾ, ಇದನ್ನ ನಾಳೆನೇ ವಾಪಸ್ ಕೊಡಬೇಕು.”

“ಕುಂಕುಮದ ಜೊತೆ ಬಂದ ಸೀರೆ ಯಾರಾದರೂ ತಿರುಗಿ ಕೊಡ್ತಾರೇನೋ? ಅದೂ ನನಗೆ ಕೊಟ್ಟಾರ, ನಿನಗಲ್ಲ.”

“ನಿನಗೆ ಕೊಟ್ಟರೂ ನನಗೆ ಕೊಟ್ಟಂಗೇ ಅವ್ವಾ.”

ಆರು ಡಬ್ಬಿ ಹೊರಗೆ ಹೋಗಬೇಕಾಗಿದ್ದ ಬಾಗಿಲಿನಿಂದಲೇ ರಾತ್ರಿ ಸೀರೆ ಒಳಗೆ ಬಂದಿತ್ತು. ಕೊಡುವಾಗ ಯಾರಿಗೂ ತೊಡಕಾಗಲಿಲ್ಲ, ತೆಗೆದುಕೊಳ್ಳುವಾಗ ಆಯಿತು. ನಮ್ಮ ಸಮಾಜದಲ್ಲಿ ಬಹುಪಾಲು ಕುಟುಂಬಗಳು ವ್ಯಾಪಾರದವು. ಈಗೀಗ ಮಕ್ಕಳು ಸರ್ಕಾರಿ ಕೆಲಸಕ್ಕೂ ಹೋಗುತ್ತಿದ್ದಾರೆ. ಆದ್ದರಿಂದ ಇದು ಒಂದು ಮನೆಯ ಮಾತಲ್ಲವೆಂದು ನಮಗೆ ತೋರಿತು.

ಆ ತಾಯಿಯ ಪ್ರಶ್ನೆಯಿಂದಲೇ ಆರಂಭಿಸೋಣ. ಸೀರೆ ಕೊಟ್ಟದ್ದು ಅವರಿಗೆ ತಾನೇ? ಸರ್ಕಾರಿ ನೌಕರರ ನಡತೆ ನಿಯಮಗಳು ಇದನ್ನು ಮೊದಲೇ ಊಹಿಸಿವೆ. ಕೇಂದ್ರ ಸರ್ಕಾರದ 1964ರ ನಾಗರಿಕ ಸೇವಾ ನಡತೆ ನಿಯಮಗಳ 13ನೆಯ ನಿಯಮದಂತೆ ನೌಕರನು ತಾನೂ ಉಡುಗೊರೆ ಪಡೆಯಬಾರದು, ತನ್ನ ಕುಟುಂಬದವರಿಗಾಗಲಿ ತನ್ನ ಪರವಾಗಿ ಬೇರೆಯವರಿಗಾಗಲಿ ಪಡೆಯಲು ಬಿಡಲೂಬಾರದು. ಆಂಧ್ರಪ್ರದೇಶದಲ್ಲೂ 1964ರಲ್ಲೇ ಇಂಥ ನಡತೆ ನಿಯಮಗಳು ಬಂದವು. ಕರ್ನಾಟಕದಲ್ಲಿ 1966ರ ನಿಯಮಗಳ ಸ್ಥಾನದಲ್ಲಿ 2021ರ ಹೊಸ ನಿಯಮಗಳು ಬಂದಿವೆ. ಮೊತ್ತಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಚೌಕಟ್ಟು ಹೆಚ್ಚುಕಡಿಮೆ ಒಂದೇ.

ಹಾಗಾದರೆ ಸರ್ಕಾರಿ ನೌಕರನ ಮನೆಯವರು ಯಾರಿಂದಲೂ ಏನೂ ತೆಗೆದುಕೊಳ್ಳಬಾರದೇ? ಅಷ್ಟು ಕಠಿಣವಿಲ್ಲ. ಯಾರಾದರೂ ಊಟಕ್ಕೆ ಕರೆದರೆ, ದಾರಿಯಲ್ಲಿ ಗಾಡಿ ಹತ್ತಿಸಿಕೊಂಡರೆ ಅದನ್ನು ನಿಯಮವು ಉಡುಗೊರೆ ಎನ್ನುವುದಿಲ್ಲ. ಮದುವೆ, ಧಾರ್ಮಿಕ ಸಮಾರಂಭಗಳಲ್ಲಿ ಹತ್ತಿರದ ಬಂಧುಗಳು, ಕಚೇರಿಯ ವ್ಯವಹಾರವಿಲ್ಲದ ಸ್ನೇಹಿತರು ಪದ್ಧತಿಯಂತೆ ಕೊಡುವುದನ್ನು ಪಡೆಯಬಹುದು. ಬೆಲೆ ಒಂದು ಮಿತಿ ಮೀರಿದರೆ ಮೇಲಿನವರಿಗೆ ವರದಿ ಮಾಡಬೇಕು. ಉಳಿದ ಸಂದರ್ಭಗಳಲ್ಲಿ ಕೇಂದ್ರದ ನೌಕರರಿಗೆ 2019ರಲ್ಲಿ ಗೊತ್ತುಪಡಿಸಿದ ಮಿತಿ ಎ ಮತ್ತು ಬಿ ಗುಂಪಿನವರಿಗೆ 5,000 ರೂಪಾಯಿ, ಸಿ ಗುಂಪಿನವರಿಗೆ 2,000 ರೂಪಾಯಿ. ಅದಕ್ಕೆ ಮೇಲ್ಪಟ್ಟದ್ದನ್ನು ಅನುಮತಿಯಿಲ್ಲದೆ ಮುಟ್ಟುವಂತಿಲ್ಲ.

ಇಲ್ಲಿಯೇ ಅನೇಕರು ತಪ್ಪುತ್ತಾರೆ. ಎರಡು ಸಾವಿರದೊಳಗೆ ಇದ್ದರೆ ಯಾರಿಂದ ಬೇಕಾದರೂ ತೆಗೆದುಕೊಳ್ಳಬಹುದು ಎಂದು ಲೆಕ್ಕ ಹಾಕುತ್ತಾರೆ. ನಡತೆ ನಿಯಮಗಳ ಪಕ್ಕದಲ್ಲೇ 1988ರ ಭ್ರಷ್ಟಾಚಾರ ತಡೆ ಕಾಯಿದೆ ಇದೆ. ಅದರ 7ನೆಯ ಕಲಮು ಎಲ್ಲರಿಗೂ ಗೊತ್ತು, ಲಂಚದ್ದು. 11ನೆಯ ಕಲಮನ್ನು ಬಲ್ಲವರು ಕಡಿಮೆ. ತನ್ನ ಮುಂದೆ ಯಾರ ಕೆಲಸ ಇದೆಯೋ, ಇತ್ತೋ, ಬರುವ ಸಂಭವವಿದೆಯೋ ಅಂಥವರಿಂದ ಅಧಿಕಾರಿಯು ಸಲ್ಲದ ಲಾಭವನ್ನು ಬೆಲೆ ಕೊಡದೆ ಪಡೆದರೂ ಅಪರಾಧ, ಸಾಲದ ಬೆಲೆ ಎಂದು ತಿಳಿದೂ ಅಷ್ಟನ್ನೇ ಕೊಟ್ಟು ಪಡೆದರೂ ಅಪರಾಧ. ಶಿಕ್ಷೆ ಆರು ತಿಂಗಳಿನಿಂದ ಐದು ವರ್ಷದವರೆಗೆ. ಸೀರೆ ಕೊಟ್ಟದ್ದಕ್ಕೆ ಬಿಲ್ಲು ಪಾಸಾಯಿತೇ ಎಂಬ ಪ್ರಶ್ನೆಗೆ ಈ ಕಲಮು ಕಾಯುವುದಿಲ್ಲ.

‘ಸಾಲದ ಬೆಲೆ’ ಎಂಬ ಮಾತನ್ನು ನಾವು ಯಜಮಾನರಿಗೆ ಬಿಡಿಸಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಸಾಹೇಬರ ಮನೆಯವರು ಅಂಗಡಿಗೆ ಬಂದರೆ ಏಳು ಸಾವಿರದ ಸೀರೆಗೆ ಮೂರೂವರೆ ಸಾವಿರ ಹಾಕುವುದು, ಬಿಲ್ಲು ಮಾತ್ರ ಸರಿಯಾಗಿ ಬರೆಯುವುದು, ಇದು ಯಾವ ಊರಿನ ಬಟ್ಟೆ ಅಂಗಡಿಗೆ ಹೊಸದು? “ನಾವು ದುಡ್ಡು ತಗೊಂಡೇ ಕೊಟ್ಟೀವಿ ಅಂತ ತಿಳಿದಿದ್ದೆ” ಎಂದರು. ಹಬ್ಬದ ರಿಯಾಯಿತಿ ಎಲ್ಲ ಗಿರಾಕಿಗಳಿಗೂ ಒಂದೇ ಆಗಿದ್ದರೆ ಅದರಲ್ಲಿ ದೋಷವಿಲ್ಲ. ಒಬ್ಬರಿಗೆ ಮಾತ್ರ, ಅವರ ಕುರ್ಚಿಯನ್ನು ನೋಡಿ ಕೊಟ್ಟರೆ ಅದು ರಿಯಾಯಿತಿ ಅಲ್ಲ.

ಕೊಡುವವರಿಗೂ ಈಗ ತಪ್ಪಿಸಿಕೊಳ್ಳಲು ಜಾಗವಿಲ್ಲ. 2018ರ ತಿದ್ದುಪಡಿಯ ನಂತರ, ಅಧಿಕಾರಿ ತನ್ನ ಕೆಲಸವನ್ನು ಸರಿಯಲ್ಲದ ರೀತಿಯಲ್ಲಿ ಮಾಡಲೆಂದು, ಅಥವಾ ಮಾಡಿದ್ದಕ್ಕೆ ಪ್ರತಿಫಲವೆಂದು ಸಲ್ಲದ ಲಾಭ ಕೊಡುವುದೇ 8ನೆಯ ಕಲಮಿನಂತೆ ಅಪರಾಧ. ಏಳು ವರ್ಷದವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಬಲವಂತಕ್ಕೆ ಕೊಡಬೇಕಾಗಿ ಬಂದಿದ್ದರೆ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದವರಿಗೆ ರಕ್ಷಣೆ ಇದೆ. ತೆಲಂಗಾಣದಲ್ಲಿ ಭ್ರಷ್ಟಾಚಾರ ನಿಗ್ರಹ ದಳದ ಉಚಿತ ದೂರವಾಣಿ 1064. ಎಂಟನೆಯ ದಿನ ನೆನಪಾದರೆ ಆ ರಕ್ಷಣೆ ಸಿಗದು. ಪುರಸಭೆಯ ಚುನಾಯಿತ ಸದಸ್ಯರು ಸರ್ಕಾರಿ ನೌಕರರಲ್ಲವಲ್ಲ, ಅವರಿಗೆ ಕೊಟ್ಟರೇನು ಎನ್ನುವವರೂ ಇದ್ದಾರೆ. ರಾಜಸ್ಥಾನದ ಬಾಂಸವಾಡಾ ಪುರಸಭೆಯ ಸದಸ್ಯರೊಬ್ಬರ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಆ ಸಂದೇಹವನ್ನು ಬಗೆಹರಿಸಿದೆ. ಈ ಕಾಯಿದೆಯ ಮಟ್ಟಿಗೆ ಸದಸ್ಯರೂ ಲೋಕಸೇವಕರೇ.

ಇನ್ನು ಯಜಮಾನರು ಬಳಸಿದ ‘ಮಾಮೂಲು’ ಎಂಬ ಪದಕ್ಕೆ ಬರೋಣ. ಇದು ಅರಬ್ಬಿ ಮೂಲದ್ದು. ರೂಢಿಯಲ್ಲಿರುವುದು ಎಂದು ಅರ್ಥ. ನಿಜಾಮರ ಸೀಮೆಯಲ್ಲಿ ಇಂಥ ಪದಗಳ ಒಂದು ಮನೆತನವೇ ಇತ್ತು. ದೊರೆಯ ಮುಂದೆ ನಿಂತಾಗ ಒಪ್ಪಿಸುವ ಅಶರಫಿ, ರೂಪಾಯಿಗಳು ನಜರ್. ಗದ್ವಾಲದಂಥ ಸಂಸ್ಥಾನಗಳು ಹೈದರಾಬಾದಿಗೆ ಕಟ್ಟುತ್ತಿದ್ದದ್ದು ಪೇಷ್ಕಷ್. ಸಾಮಾನ್ಯ ರೈತ ಕೆಳಗಿನ ನೌಕರನಿಗೆ ಕೊಟ್ಟದ್ದು ಮಾಮೂಲು. ಬ್ರಿಟಿಷರ ಸೀಮೆಯಲ್ಲೂ ಕಡಿಮೆ ಏನಿರಲಿಲ್ಲ. 1773ರ ರೆಗ್ಯುಲೇಟಿಂಗ್ ಕಾಯಿದೆಯಲ್ಲಿ ಕಂಪನಿಯ ನೌಕರರು ದೇಶೀಯರಿಂದ ಕಾಣಿಕೆ ಪಡೆಯಬಾರದೆಂದು ನಿಷೇಧವಾಯಿತು. ಆದರೂ ಬಂಗಾಳದಲ್ಲಿ ಪಡೆದ ಕಾಣಿಕೆಗಳ ಆರೋಪವೂ ಸೇರಿ ವಾರನ್ ಹೇಸ್ಟಿಂಗ್ಸನ ಮೇಲೆ 1788ರಿಂದ 1795ರವರೆಗೆ ಲಂಡನ್ನಿನಲ್ಲಿ ವಿಚಾರಣೆ ನಡೆಯಿತು. ಕೊನೆಗೆ ಅವನು ಖುಲಾಸೆಯಾದ, ಆ ಮಾತು ಬೇರೆ. ಹಣ ನಿಂತ ಮೇಲೆ ಬಂದದ್ದು ‘ಡಾಲಿ’. ಕ್ರಿಸ್‌ಮಸ್ಸಿಗೆ ಸಾಹೇಬರ ಬಂಗಲೆಗೆ ಬುಟ್ಟಿಯಲ್ಲಿ ಹಣ್ಣು, ಹೂವು, ಬಾದಾಮಿ ಹೋಗುತ್ತಿತ್ತು. ಹಣ್ಣು ಹೂವು ತಾನೇ ಎಂದು ನಿಯಮವೂ ಕಣ್ಣು ಮುಚ್ಚುತ್ತಿತ್ತು. ಇಂದಿನ ಒಣಹಣ್ಣಿನ ಡಬ್ಬಿ ಆ ಬುಟ್ಟಿಯ ಮೊಮ್ಮಗಳಲ್ಲದೆ ಮತ್ತೇನು?

ಕನ್ನಡದಲ್ಲಿ ಇದಕ್ಕೆ ಎದುರಾಗಿ ಒಂದು ಒಳ್ಳೆಯ ಪದವಿದೆ: ಮುಯ್ಯಿ. ಮದುವೆಯಲ್ಲಿ ನಿಮ್ಮ ಮಗಳಿಗೆ ನಾವು ಮುಯ್ಯಿ ಮಾಡುತ್ತೇವೆ. ನಮ್ಮ ಮನೆಯ ಮದುವೆಗೆ ನೀವು ಮಾಡುತ್ತೀರಿ. ಯಾರು ಎಷ್ಟು ಮಾಡಿದರೆಂದು ಎಲ್ಲರೆದುರಿಗೆ ಪುಸ್ತಕದಲ್ಲಿ ಬರೆಯುತ್ತೇವೆ. ಮುಯ್ಯಿಗೆ ಮುಯ್ಯಿ ತಿರುಗಿ ಬರುವುದು ಇಬ್ಬರಿಗೂ ಗೊತ್ತು. ಅಧಿಕಾರಿಗೆ ಕೊಟ್ಟ ಡಬ್ಬಿಗೆ ತಿರುಗಿ ಬರುವ ಮುಯ್ಯಿ ಯಾವುದು? ಅವನು ತನ್ನ ಮನೆಯಿಂದ ಡಬ್ಬಿ ಕಳಿಸುವುದಿಲ್ಲ. ಅವನು ಕೊಡುವುದು ಊರಿನದನ್ನು: ತೆರಿಗೆಯಲ್ಲಿ ಸ್ವಲ್ಪ ರಿಯಾಯಿತಿ, ಅಂಗಡಿಯ ಮುಂದಿನ ಕಟ್ಟೆಯ ಕಡೆ ನೋಡದಿರುವುದು, ಪಕ್ಕದವನ ಅರ್ಜಿಗಿಂತ ಮೊದಲು ನಮ್ಮ ಅರ್ಜಿ. ಪಾಠಶಾಲೆಯಲ್ಲಿ ಕಲಿತ ಅಚೌರ್ಯ ವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದೆಂದು ಸೊಸೆ ನೆನಪಿಸಿದಳು. ಯಜಮಾನರು ಅವಳ ಮುಖವನ್ನೇ ನೋಡಿದರು. ಬೇಸರವೋ ಮೆಚ್ಚಿಗೆಯೋ ನಮಗೆ ತಿಳಿಯಲಿಲ್ಲ.

ಆರು ಡಬ್ಬಿಗಳಲ್ಲಿ ಎರಡು ಬೀದಿ ಗುಡಿಸುವವರಿಗೆ ಎಂದು ಆಮೇಲೆ ತಿಳಿಯಿತು. ಇದು ತುಸು ಕಷ್ಟದ ಪ್ರಶ್ನೆ. ಅವರ ಮೇಜಿನ ಮೇಲೆ ನಮ್ಮ ಫೈಲು ಇಲ್ಲ. ಬಹುಮಂದಿಗೆ ಮೇಜೇ ಇಲ್ಲ. ಹಬ್ಬದ ಮರುದಿನ ಪಟಾಕಿಯ ಕಸ ಗುಡಿಸುವವರ ಕೈಗೆ ಸಿಹಿ ಕೊಡುವುದನ್ನು ಭ್ರಷ್ಟಾಚಾರವೆನ್ನಲು ನಮಗೆ ಮನಸ್ಸು ಬಾರದು. ಆದರೂ ನಮ್ಮ ಬಾಗಿಲ ಮುಂದೆ ಮಾತ್ರ ಎರಡು ಸಲ ಗುಡಿಸಲೆಂದು ಕೊಟ್ಟರೆ ಅದೂ ಅದೇ ಜಾತಿಯದು. ಓಣಿಯವರೆಲ್ಲ ಸೇರಿ, ಎಲ್ಲ ಕಾರ್ಮಿಕರಿಗೂ, ಒಂದೇ ದಿನ, ಬಹಿರಂಗವಾಗಿ ಕೊಟ್ಟರೆ ಯಾರ ಮನಸ್ಸಿಗೂ ಕೊರೆಯುವುದಿಲ್ಲವೆಂದು ನಾವು ಹೇಳಿದೆವು.

ಅಮೆರಿಕದಲ್ಲಿ ಮಕ್ಕಳಿರುವ ವಾಚಕರಿಗೆ ಇನ್ನೊಂದು ಮಾತು. ನ್ಯೂಯಾರ್ಕ್ ನಗರದ ನೌಕರನು ನಗರದೊಂದಿಗೆ ವ್ಯವಹಾರವಿರುವವರಿಂದ 50 ಡಾಲರ್ ಅಥವಾ ಅದಕ್ಕೂ ಹೆಚ್ಚು ಬೆಲೆಯ ಉಡುಗೊರೆ ಪಡೆಯುವಂತಿಲ್ಲ. ಒಂದೇ ಕಡೆಯಿಂದ ಹನ್ನೆರಡು ತಿಂಗಳಲ್ಲಿ ಬಂದದ್ದನ್ನೆಲ್ಲ ಕೂಡಿಸಿ ಲೆಕ್ಕ ಹಿಡಿಯುತ್ತಾರೆ. ದೀಪಾವಳಿಗೊಂದು, ಯುಗಾದಿಗೊಂದು ಎಂದು ಹಂಚಿ ಕೊಡುವ ಉಪಾಯ ಅಲ್ಲಿ ನಡೆಯದು.

ಎಲ್ಲರೂ ನೆಂಟರಾದಾಗ

ಉಡುಗೊರೆಯನ್ನಾದರೂ ಹಿಂದಿರುಗಿಸಬಹುದು. ನೆಂಟರನ್ನು ಹಿಂದಿರುಗಿಸುವುದು ಹೇಗೆ? ದೊಡ್ಡ ನಗರದಲ್ಲಿ ಕುಳಿತು ಸ್ವಜನ ಪಕ್ಷಪಾತದ ಬಗ್ಗೆ ಬರೆಯುವುದು ಸುಲಭ. ಗ್ರಾಮ ಪಂಚಾಯತಿಯಾಗಿದ್ದ ಮಕ್ತಲ್ ಪುರಸಭೆಯಾದದ್ದು 2018ರಲ್ಲಿ. ಇಂಥ ಊರಿನಲ್ಲಿ ಸದಸ್ಯರು, ಗುತ್ತಿಗೆದಾರರು, ಗುಮಾಸ್ತರು, ಅರ್ಜಿದಾರರು ಎಲ್ಲರೂ ಒಂದಲ್ಲ ಒಂದು ಕಡೆಯಿಂದ ಸಂಬಂಧಿಕರೇ. ಗಡಿಯೂ ಇದಕ್ಕೆ ಅಡ್ಡಿಯಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ಹೆಣ್ಣು ಕೊಡುವುದು ತರುವುದು ಇಂದಿಗೂ ನದಿಯ ಎರಡೂ ದಡಗಳ ನಡುವೆ ನಡೆದಿದೆ.

ನಿಯಮವು ಬಂಧುತ್ವವನ್ನು ಬಿಡಿ ಎನ್ನುವುದಿಲ್ಲ. ಅದು ಕೇಳುವುದು ಬಂಧುವಿನ ಫೈಲು ಬಂದಾಗ ಪಕ್ಕಕ್ಕೆ ಸರಿಯಬೇಕೆಂದು. ತನಗೋ ತನ್ನವರಿಗೋ ಸಂಬಂಧಿಸಿದ ವಿಷಯ ಬಂದರೆ ನೌಕರನು ಅದನ್ನು ತಾನು ನಿರ್ಧರಿಸದೆ ಮೇಲಿನವರಿಗೆ ಒಪ್ಪಿಸಬೇಕು. ತನ್ನ ಸ್ಥಾನದ ಪ್ರಭಾವದಿಂದ ಮಗನಿಗೋ ಮಗಳಿಗೋ ಕಂಪನಿಗಳಲ್ಲಿ ಕೆಲಸ ಕೊಡಿಸಬಾರದು. ಕುಟುಂಬದವರು ಕೆಲಸ ಮಾಡುವ ಸಂಸ್ಥೆಗೆ ಗುತ್ತಿಗೆ ಮಂಜೂರು ಮಾಡಬಾರದು. ಚುನಾಯಿತರಿಗಂತೂ ಇನ್ನೂ ಬಿಗಿ. ಕರ್ನಾಟಕದ 1964ರ ಪುರಸಭೆಗಳ ಕಾಯಿದೆಯಂತೆ ಪುರಸಭೆಯ ಕಾಮಗಾರಿಯಲ್ಲಿ, ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಪಾಲು ಇಟ್ಟುಕೊಂಡವರು ಸದಸ್ಯರಾಗಿರಲು ಅನರ್ಹರು. ‘ಪರೋಕ್ಷವಾಗಿ’ ಎಂಬ ಪದದೊಳಗೆ ಎಷ್ಟು ಭಾವಮೈದುನರು ಅಡಗಿದ್ದಾರೋ! ಮಹಿಳಾ ಸದಸ್ಯೆಯ ಹೆಸರಿನಲ್ಲಿ ಪತಿರಾಯರು ಕಚೇರಿಯ ಕುರ್ಚಿಯಲ್ಲಿ ಕೂಡುವುದೂ ಇದೇ ರೋಗದ ಇನ್ನೊಂದು ಲಕ್ಷಣ. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಪಕ್ಷಪಾತ ಹೆಚ್ಚಾಗಿ ನುಸುಳುವುದು ಹಿಂಬಾಗಿಲಿನಿಂದ. ಖಾಯಂ ಹುದ್ದೆಗೆ ಪರೀಕ್ಷೆ ಇದೆ, ಪಟ್ಟಿ ಇದೆ. ದಿನಗೂಲಿಗೆ, ಹೊರಗುತ್ತಿಗೆಗೆ ಅಷ್ಟು ಕಾವಲಿಲ್ಲ. “ಸದ್ಯಕ್ಕೆ ನಮ್ಮ ಹುಡುಗನನ್ನು ಇಟ್ಟುಕೊಳ್ಳಿ, ಮುಂದೆ ಖಾಯಂ ಆಗುತ್ತದೆ” ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳಿದ್ದೇವೆ. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣವೆಂದು ಹೆಸರಾದ ತೀರ್ಪಿನಲ್ಲಿ 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ಭರವಸೆಯ ಬುಡವನ್ನೇ ಕತ್ತರಿಸಿತು. ನಿಯಮದಂತೆ ಎಲ್ಲರಿಗೂ ಅವಕಾಶ ಕೊಡದೆ ತಾತ್ಕಾಲಿಕವಾಗಿ ನೇಮಿಸಿಕೊಂಡವರು ಎಷ್ಟೇ ವರ್ಷ ದುಡಿದಿದ್ದರೂ ಖಾಯಮಾತಿಯನ್ನು ಹಕ್ಕೆಂದು ಕೇಳಲಾಗದು. ಶಿಫಾರಸಿನಿಂದ ಹುಡುಗನನ್ನು ಸೇರಿಸಿದವರು ಅವನಿಗೆ ಉಪಕಾರ ಮಾಡಿದೆವೆಂದು ತಿಳಿದಿರುತ್ತಾರೆ. ಹತ್ತು ವರ್ಷ ಕಳೆದು, ಪರೀಕ್ಷೆಯ ವಯಸ್ಸು ಮೀರಿದ ಮೇಲೆ ಆ ಹುಡುಗನನ್ನು ಕೇಳಬೇಕು.

ಇಂಗ್ಲಿಷಿನ ‘ನೆಪೊಟಿಸಂ’ ಎಂಬ ಪದ ಇಟಾಲಿಯನ್ ಭಾಷೆಯ ಸೋದರಳಿಯನಿಂದ ಹುಟ್ಟಿದ್ದು. ಪೋಪ್‌ಗಳು ತಮ್ಮ ಅಳಿಯಂದಿರಿಗೆ ಹುದ್ದೆ, ಜಹಗೀರು ಕೊಡುವುದು ಅಷ್ಟು ರೂಢಿಯಾಗಿತ್ತು; 1692ರಲ್ಲಿ ಪೋಪ್ ಹನ್ನೆರಡನೆಯ ಇನ್ನೋಸೆಂಟ್ ಆಜ್ಞೆ ಹೊರಡಿಸಿ ತಡೆಯಬೇಕಾಯಿತು. ಅಲ್ಲಿಯೂ ಅದು ಮಾಮೂಲೇ ಆಗಿತ್ತೆನ್ನಿ.

ಕಾನೂನಿಗಿಂತ ಹೆಚ್ಚು ಕೆಲಸ ಮಾಡುವುದು ಮೇಜುಗಳನ್ನು ಕಡಿಮೆ ಮಾಡುವುದೆಂದು ನಮಗೆ ತೋರುತ್ತದೆ. 2019ರ ತೆಲಂಗಾಣ ಪುರಸಭೆಗಳ ಕಾಯಿದೆಯು 75 ಚದರ ಗಜದವರೆಗಿನ ನಿವೇಶನದಲ್ಲಿ ಏಳು ಮೀಟರ್ ಎತ್ತರದೊಳಗಿನ ಮನೆಗೆ ಕಟ್ಟಡದ ಪರವಾನಗಿಯೇ ಬೇಡವೆಂದಿತು. ಒಂದು ರೂಪಾಯಿ ಕಟ್ಟಿ ನೋಂದಾಯಿಸಿದರೆ ಸಾಕು. ಬಡವನ ಮನೆಯ ನಕ್ಷೆ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗದಿದ್ದರೆ ಅದರ ಹಿಂದೆ ಡಬ್ಬಿಯೂ ಹೋಗುವುದಿಲ್ಲ.

ಇರಲಿ, ಸೀರೆಯ ಕತೆ ಏನಾಯಿತೆಂದು ವಾಚಕರು ಕೇಳಬಹುದು. ಬರಿಗೈಯಲ್ಲಿ ತಿರುಗಿ ಕಳಿಸುವುದು ಅಮಂಗಲವೆಂದು ತಾಯಿ ಪಟ್ಟು ಹಿಡಿದರು. ಅರಿಶಿನ ಕುಂಕುಮವನ್ನು ತಾವು ಇಟ್ಟುಕೊಂಡು, ಸೀರೆಯ ಮೇಲೆ ತಮ್ಮ ಮನೆಯ ತೆಂಗಿನಕಾಯಿ ಇಟ್ಟು, ಮಾರನೆಯ ದಿನ ಹಿರಿಯ ಮಗನೊಂದಿಗೆ ತಾವೇ ಆ ಗುತ್ತಿಗೆದಾರರ ಮನೆಗೆ ಹೋದರು. ಅಲ್ಲಿಯ ಹಿರಿಯ ಹೆಣ್ಣುಮಗಳಿಗೆ, “ಕುಂಕುಮ ಇಟ್ಟುಕೊಂಡೀನಿ ತಾಯಿ, ನಿಮ್ಮ ಮನಸ್ಸು ಮುಟ್ಟಿತು. ಸೀರೆ ಇಟ್ಟುಕೊಂಡರೆ ನನ್ನ ಮಗನಿಗೆ ತೊಂದರೆ” ಎಂದರು. ಆಕೆ ಸಿಟ್ಟಾಗಲಿಲ್ಲ, ಬಂದವರಿಗೆ ಚಹಾ ಕೊಟ್ಟರು. ಕಿರಿಯ ಮಗ ರಜೆ ಮುಗಿಸಿ ಹೋದವನೇ ಇಂಥ ದಿನ ಇಂಥದ್ದು ಬಂದಿತ್ತು, ಹಿಂದಿರುಗಿಸಿದ್ದೇವೆ ಎಂದು ಕಮಿಷನರಿಗೆ ಎರಡು ಸಾಲು ಬರೆದುಕೊಟ್ಟ. ಬಿಲ್ಲಿನ ಫೈಲನ್ನು ಬೇರೊಬ್ಬ ಗುಮಾಸ್ತರಿಗೆ ವಹಿಸಬೇಕೆಂದು ಅದರಲ್ಲೇ ಕೇಳಿಕೊಂಡ.

ಆರು ಡಬ್ಬಿಗಳಲ್ಲಿ ನಾಲ್ಕು ಅಂದು ಹೊರಗೆ ಹೋಗಲಿಲ್ಲ. ಯಜಮಾನರಿಗೆ ಪೂರ್ತಿ ಸಮಾಧಾನವಾಗಿರಲಿಲ್ಲ. “ಬೇರೆ ಅಂಗಡಿಯವರೆಲ್ಲ ಕೊಡ್ತಾರ, ನಾವೊಬ್ಬರೇ ಬಿಟ್ಟರೆ ನಮ್ಮ ಮೇಲೇ ಕಣ್ಣು ಬೀಳತೈತಿ” ಎಂದರು. ಆ ಭಯ ಸುಳ್ಳಲ್ಲ. ಅದಕ್ಕೆ ನಾವು ಉತ್ತರ ಕೊಡಲಾಗಲಿಲ್ಲ. ಬಜಾರಿನ ವರ್ತಕರೆಲ್ಲ ಸೇರಿ ಒಂದು ತೀರ್ಮಾನ ಮಾಡಿದರೆ ಹೇಗೆ ಎಂದು ಹಿರಿಯ ಮಗ ಕೇಳಿದ. ಅವನೇ ನಾಲ್ಕು ಅಂಗಡಿಗಳಿಗೆ ಹೋಗಿ ಮಾತಾಡಿ ಬಂದ. ಇಬ್ಬರು ಒಪ್ಪಿದರು, ಒಬ್ಬರು ನಕ್ಕರು, ಒಬ್ಬರು ನೋಡೋಣವೆಂದರು.

ಈಗ ಆ ಮನೆಯಲ್ಲಿ ಇನ್ನೊಂದು ಚರ್ಚೆ ನಡೆದಿದೆ. ಕಿರಿಯ ಮಗನ ಮದುವೆ ನಿಶ್ಚಯವಾಗಿದೆ. ಲಗ್ನಪತ್ರಿಕೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸಬೇಕೆಂದು ಅವನ ಹಟ. ಮೂವತ್ತು ವರ್ಷದಿಂದ ಊರೆಲ್ಲ ಮಾಡಿದ ಮುಯ್ಯಿ ತಿರುಗಿ ಬರುವ ಹೊತ್ತಿಗೆ ಹೀಗೆ ಅಚ್ಚು ಹಾಕಿಸುವುದೇ ಎಂದು ತಾಯಿಯ ಕೊರಗು. ಬಂಧುಗಳ ಮುಯ್ಯಿಗೆ ನಿಯಮದ ಅಡ್ಡಿಯಿಲ್ಲ, ಮುಯ್ಯಿ ಪುಸ್ತಕವನ್ನು ಸರಿಯಾಗಿ ಬರೆದಿಟ್ಟು ಮಿತಿ ಮೀರಿದ್ದನ್ನು ವರದಿ ಮಾಡಿದರಾಯಿತು ಎಂದು ನಾವು ಹೇಳಿದೆವು. ಕಚೇರಿಯ ಕಡೆಯಿಂದ ಬಂದವರನ್ನು ಪುಸ್ತಕದ ಹತ್ತಿರ ಕೂತವರು ಗುರುತಿಸುವುದು ಹೇಗೆ ಎಂದು ಸೊಸೆ ಕೇಳಿದಳು. ಆ ದಿನ ಪುಸ್ತಕದ ಹತ್ತಿರ ತಾನೇ ಕೂಡುವುದಾಗಿ ಕೊನೆಗೆ ಅವಳೇ ಒಪ್ಪಿಕೊಂಡಿದ್ದಾಳೆ. ಪತ್ರಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ.